ತಾಯಿ ‘ರೋಗವಾಹಕಿ’, ಗುಣ ‘ದುರ್ಬಲ’: ಆನುವಂಶಿಕತೆಯ ಪದಗಳ ಬಗ್ಗೆ

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಆನುವಂಶಿಕತೆಯ ಕುರಿತು ಸಾಮಾನ್ಯ ಓದುಗರಿಗಾಗಿ ಬರೆದ ಹಸ್ತಪ್ರತಿಯೊಂದರ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆದವರು ವಿಷಯ ಬಲ್ಲವರು, ಕನ್ನಡವೂ ಚೆನ್ನಾಗಿದೆ. ಆದರೂ ಈ ವಾಕ್ಯವನ್ನು ದಾಟಿ ಮುಂದೆ ಹೋಗಲು ಆಗಲಿಲ್ಲ:

“ವರ್ಣಾಂಧತೆಯಲ್ಲಿ ತಾಯಿ ರೋಗವಾಹಕಿ, ಆಕೆ ತನ್ನ ಎಕ್ಸ್ ವರ್ಣತಂತುವಿನಲ್ಲಿರುವ ದುರ್ಬಲ ವಂಶವಾಹಿಯನ್ನು ಮಗನಿಗೆ ದಾಟಿಸುತ್ತಾಳೆ, ಮಗನಲ್ಲಿ ಅದು ಪ್ರಬಲವಾಗುತ್ತದೆ.”

ವ್ಯಾಕರಣ ತಪ್ಪಿಲ್ಲ. ಒಂದೊಂದು ಪದವೂ ಅಚ್ಚಿನಲ್ಲಿ ಬಳಕೆಯಲ್ಲಿರುವುದೇ. (ವರ್ಣಾಂಧತೆ ಎಂದರೆ ಇಲ್ಲಿ ಕೆಂಪು–ಹಸಿರಿನ ವ್ಯತ್ಯಾಸ ತಿಳಿಯದಿರುವುದು, ವಂಶವಾಹಿ ಎಂದರೆ ಜೀನ್, ವರ್ಣತಂತು ಎಂದರೆ ಜೀನುಗಳಿರುವ ಎಳೆ, ಕ್ರೋಮೋಸೋಮ್.) ಆದರೆ ವಿಷಯ ಗೊತ್ತಿಲ್ಲದವರು ಇದನ್ನು ಓದಿ ಏನು ತಿಳಿದುಕೊಳ್ಳುತ್ತಾರೆ? ಬಣ್ಣಕ್ಕೆ ಸಂಬಂಧಪಟ್ಟ ಒಂದು ತಂತು ಇದೆ. ತಾಯಿ ರೋಗ ಹರಡುತ್ತಾಳೆ. ಅವಳಲ್ಲಿ ಸೊರಗಿ ಬಿದ್ದಿದ್ದ ಏನೋ ಒಂದು ಮಗನ ಮೈ ಸೇರಿ ಬಲಿಯುತ್ತದೆ. ಮೂರೂ ಸುಳ್ಳು. ಹಾಗಾಗಿ ಪದಗಳನ್ನು ಬಿಡಿಸಿ ನೋಡೋಣ ಎನಿಸಿತು. ನನ್ನ ಒಲವು ಯಾವ ಕಡೆಗೆ ಎಂಬುದನ್ನೂ ಹೇಳುತ್ತೇನೆ, ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬರಬಹುದು.

ಮೊದಲು ‘ವರ್ಣತಂತು’. ‘ವರ್ಣಾಂಧತೆ’ಯ ಬೆನ್ನಿಗೇ ‘ವರ್ಣತಂತು’ ಬಂದರೆ ಎರಡೂ ವರ್ಣಗಳು ಒಂದೇ ಎಂದು ಓದುಗರು ತಿಳಿಯುವುದು ಸಹಜ. ಚರ್ಮದ ಬಣ್ಣ, ಕಣ್ಣಿನ ಬಣ್ಣ ಎಂದು ಬರೆಯುವಾಗಲೂ ಇದೇ ತೊಡಕು. ಹೆಸರಿನ ಕಥೆ ಬೇರೆಯೇ ಇದೆ. 1888ರಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ವಾಲ್ಡೆಯರ್ ಗ್ರೀಕಿನ ‘ಬಣ್ಣ’ ಮತ್ತು ‘ದೇಹ’ ಎಂಬ ಪದಗಳನ್ನು ಜೋಡಿಸಿ ‘ಕ್ರೋಮೋಸೋಮ್’ ಎಂದ. ಸೂಕ್ಷ್ಮದರ್ಶಕದ ಕೆಳಗೆ ಜೀವಕೋಶವನ್ನು ನೋಡುವವರು ಅದಕ್ಕೆ ಬಣ್ಣದ ದ್ರಾವಣ ಹಾಕುತ್ತಿದ್ದರು. ಕೋಶ ವಿಭಜನೆಯಾಗುವ ಹೊತ್ತಿಗೆ ಅದರ ಕೇಂದ್ರದೊಳಗಿನ ಎಳೆಗಳು ಆ ಬಣ್ಣವನ್ನು ಗಾಢವಾಗಿ ಹೀರಿಕೊಂಡು ಎದ್ದು ಕಾಣುತ್ತಿದ್ದವು. ಅಂದರೆ ಬಣ್ಣ ಹೊರಗಿನಿಂದ ಹಾಕಿದ್ದು, ಎಳೆಯದಲ್ಲ. ತಂದೆತಾಯಿಯ ಲಕ್ಷಣಗಳು ಮಕ್ಕಳಿಗೆ ಬರುವುದಕ್ಕೂ ಈ ಎಳೆಗಳ ನಡೆಗೂ ಹೊಂದಾಣಿಕೆ ಇದೆ ಎಂದು ಸಟನ್ ಮತ್ತು ಬೊವೆರಿ ಎಂಬ ವಿಜ್ಞಾನಿಗಳು ತೋರಿಸಿದ್ದು 1902–03ರ ಸುಮಾರಿಗೆ. ಹೆಸರು ಬಂದು ಹದಿನೈದು ವರ್ಷವಾಗುತ್ತ ಬಂದಾಗ ಕೆಲಸ ತಿಳಿಯಿತು.

ನಮ್ಮವರು ‘ದೇಹ’ವನ್ನು ಬಿಟ್ಟು ‘ತಂತು’ವನ್ನು ಹಿಡಿದದ್ದು ಒಳ್ಳೆಯದೇ ಆಯಿತು, ವಸ್ತು ಇರುವುದೇ ಎಳೆಯ ಹಾಗೆ. ಹಿಂದಿಯ ‘ಗುಣಸೂತ್ರ’ ಬಣ್ಣದ ಗೊಂದಲದಿಂದ ಪಾರಾಗಿದೆ, ಆದರೆ ‘ಗುಣ’ದ ಗೊಂದಲಕ್ಕೆ ಸಿಕ್ಕಿಕೊಂಡಿದೆ, ಅದರ ವಿಷಯ ಮುಂದೆ ಬರುತ್ತದೆ. ಇಷ್ಟು ವರ್ಷ ರೂಢಿಯಲ್ಲಿರುವ ‘ವರ್ಣತಂತು’ವನ್ನು ಕಿತ್ತುಹಾಕಬೇಕು ಎಂದು ನಾನು ಹೇಳುವುದಿಲ್ಲ. ಬಣ್ಣದ ಮಾತು ಬರುವ ಪುಟಗಳಲ್ಲಿ ಮಾತ್ರ ‘ಕ್ರೋಮೋಸೋಮ್’ ಎಂದು ಬರೆಯುವುದು ಲೇಸು. ಒಂದೇ ಪುಸ್ತಕದಲ್ಲಿ ಎರಡು ಪದವೇ ಎಂದು ಸಂಪಾದಕರು ಹುಬ್ಬು ಗಂಟಿಕ್ಕಬಹುದು. ಮೊದಲ ಬಾರಿ ಬಳಸುವಾಗ ಎರಡನ್ನೂ ಒಟ್ಟಿಗೆ ಕೊಟ್ಟರೆ ಆ ಚಿಂತೆ ತೀರಿತು.

ಇಲ್ಲೇ ಇನ್ನೊಂದು ಮಾತು. ಎಕ್ಸ್ ಎಂಬ ಹೆಸರು ಅದರ ಆಕಾರದಿಂದ ಬಂದದ್ದು ಎಂದು ಹಸ್ತಪ್ರತಿಯಲ್ಲಿ ಇತ್ತು, ಹೊಡೆದುಹಾಕಿದೆ. 1891ರಲ್ಲಿ ಹೆಂಕಿಂಗ್ ಎಂಬಾತ ಕೀಟವೊಂದರ ವೀರ್ಯಾಣುಗಳು ರೂಪುಗೊಳ್ಳುವುದನ್ನು ನೋಡುತ್ತಿದ್ದಾಗ ಅರ್ಧದಷ್ಟು ವೀರ್ಯಾಣುಗಳಿಗೆ ಮಾತ್ರ ಸೇರುವ ತುಣುಕೊಂದು ಕಂಡಿತು. ಏನೆಂದು ತಿಳಿಯದ್ದರಿಂದ, ಲೆಕ್ಕದಲ್ಲಿ ಅಜ್ಞಾತಕ್ಕೆ ಹಾಕುವ ಗುರುತನ್ನೇ ಹಾಕಿದ. ಗಂಡಸರಲ್ಲಿ ಎಕ್ಸ್‌ಗೆ ಜೋಡಿಯಾಗಿರುವ ವೈ ಎಂಬುದು ವರ್ಣಮಾಲೆಯಲ್ಲಿ ಅದರ ಮುಂದಿನ ಅಕ್ಷರ, ಅಷ್ಟೇ. (ವರ್ಣಮಾಲೆಯ ‘ವರ್ಣ’ ಮೂರನೆಯದು! ಈ ಪದದ ಕಾಟ ತಪ್ಪಿದ್ದಲ್ಲ.)

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ಮಾಡುವ ಜೋಡಿ: ‘ಪ್ರಬಲ’ ಮತ್ತು ‘ದುರ್ಬಲ’.

ಬಟಾಣಿ ಗಿಡಗಳಲ್ಲಿ ಆನುವಂಶಿಕತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್ 1865ರಲ್ಲಿ ಓದಿ 1866ರಲ್ಲಿ ಅಚ್ಚು ಮಾಡಿಸಿದ ಜರ್ಮನ್ ಪ್ರಬಂಧದಲ್ಲೇ ಈ ಜೋಡಿಯ ಮೂಲವಿದೆ. ದುಂಡನೆಯ ಬಟಾಣಿ ಕೊಡುವ ಗಿಡವನ್ನು ಸುಕ್ಕು ಬಟಾಣಿಯ ಗಿಡದೊಡನೆ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಬಂದವೆಲ್ಲ ದುಂಡು ಕಾಳುಗಳೇ. ಅವುಗಳಿಂದ ಬೆಳೆದ ಗಿಡಗಳಲ್ಲಿ ತಾನಾಗಿ ಕಟ್ಟಿದ ಕಾಳುಗಳನ್ನು ಎಣಿಸಿದಾಗ 5,474 ದುಂಡು, 1,850 ಸುಕ್ಕು. ಒಂದು ತಲೆಮಾರಿನಲ್ಲಿ ಮೇಲುಗೈ ಪಡೆದದ್ದಕ್ಕೆ ಆತ ‘ಡಾಮಿನೆಂಟ್’ ಎಂಬರ್ಥದ ಪದ ಬಳಸಿದ, ಮರೆಗೆ ಸರಿದು ಮುಂದಿನ ತಲೆಮಾರಿನಲ್ಲಿ ಹೊರಬಂದದ್ದನ್ನು ‘ರಿಸೆಸಿವ್’ ಎಂದ. ಎರಡನೆಯ ಪದದ ಅರ್ಥ ‘ಹಿಂದೆ ಸರಿಯುವುದು’ ಎಂದು. ಬಲ ಇಲ್ಲದ್ದು ಎಂದಲ್ಲ. ಆ 1,850 ಸುಕ್ಕು ಕಾಳುಗಳು ಅಜ್ಜ-ಅಜ್ಜಿಯ ಕಾಳಿನಷ್ಟೇ ಸುಕ್ಕಾಗಿದ್ದವು. ಒಂದು ತಲೆಮಾರು ಮರೆಯಲ್ಲಿ ಕಳೆದರೂ ಅವುಗಳ ಸುಕ್ಕು ಚೂರೂ ಸಡಿಲವಾಗಿರಲಿಲ್ಲ. ಮೆಂಡೆಲ್ ಕಂಡುಕೊಂಡದ್ದರ ತಿರುಳೇ ಅದು: ಮರೆಯಾದದ್ದು ಕರಗಿಹೋಗುವುದಿಲ್ಲ. ‘ದುರ್ಬಲ’ ಎಂದ ಕೂಡಲೇ ಆ ತಿರುಳು ಹೊರಟುಹೋಗುತ್ತದೆ.

ಮನುಷ್ಯರ ವಿಷಯಕ್ಕೆ ಬಂದರೆ ಕೆಡುಕು ಇನ್ನೂ ಹೆಚ್ಚು. ‘ಪ್ರಬಲ’ ಎಂದರೆ ಹೆಚ್ಚು ಜನರಲ್ಲಿ ಇರುವುದು, ಆರೋಗ್ಯವಂತವಾದದ್ದು ಎಂದೂ ‘ದುರ್ಬಲ’ ಎಂದರೆ ಅಪರೂಪದ್ದು, ರೋಗಿಷ್ಠವಾದದ್ದು ಎಂದೂ ಓದುಗರು ತಮಗೆ ತಾವೇ ಅರ್ಥ ಕಟ್ಟಿಕೊಳ್ಳುತ್ತಾರೆ. ಓ ರಕ್ತಗುಂಪನ್ನೇ ನೋಡಿ. ಅದನ್ನು ನಿರ್ಧರಿಸುವ ಜೀನಿನ ಎರಡು ಪ್ರತಿಗಳು, ತಾಯಿಯಿಂದೊಂದು ತಂದೆಯಿಂದೊಂದು, ಎಲ್ಲರಲ್ಲೂ ಇರುತ್ತವೆ. ಎ ಮತ್ತು ಬಿ ರೂಪಗಳ ಎದುರಿಗೆ ಓ ರೂಪ ಹಿಂದೆ ಸರಿಯುತ್ತದೆ, ಎರಡೂ ಕಡೆಯಿಂದ ಓ ಬಂದರೆ ಮಾತ್ರ ಗುಂಪು ಓ ಆಗುತ್ತದೆ. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಜನರದ್ದು ಓ ಗುಂಪೇ. ಇನ್ನೊಂದು ಕಡೆ ಕೈಗೆ ಆರನೆಯ ಬೆರಳು ಮೂಡುವುದು ಹಲವು ಕುಟುಂಬಗಳಲ್ಲಿ ಡಾಮಿನೆಂಟ್ ಆಗಿ ಬರುತ್ತದೆ, ಹಾಗೆಂದು ಜಗತ್ತೆಲ್ಲ ಆರು ಬೆರಳಿನವರಿಂದ ತುಂಬಿಲ್ಲ. ನಡುವಯಸ್ಸಿನಲ್ಲಿ ಮಿದುಳನ್ನು ಕಾಡುವ ಹಂಟಿಂಗ್ಟನ್ ಕಾಯಿಲೆಯೂ ಡಾಮಿನೆಂಟ್, ಒಂದೇ ಪ್ರತಿ ಸಾಕು, ಆದರೆ ಅಪರೂಪ. ಹಾಗೆಯೇ ಕುಡಗೋಲು ಕಣ ರೋಗಕ್ಕೆ (ಸಿಕಲ್ ಸೆಲ್, ರಕ್ತಕಣಗಳು ಕುಡಗೋಲಿನಂತೆ ಬಾಗುವ ಕಾಯಿಲೆ) ಕಾರಣವಾಗುವ ರೂಪವನ್ನು ‘ದುರ್ಬಲ’ ಎಂದು ಬರೆಯುತ್ತೇವೆ, ಅದರ ಒಂದೇ ಪ್ರತಿ ಇರುವವರಿಗೆ ತೀವ್ರ ಮಲೇರಿಯಾದ ವಿರುದ್ಧ ಗಟ್ಟಿ ರಕ್ಷಣೆ ಸಿಗುತ್ತದೆ. ದುರ್ಬಲವಂತೆ!

ಬದಲಿಗೆ ಏನು? ‘ಅಪ್ರಬಲ’ ಸ್ವಲ್ಪ ವಾಸಿ, ಆದರೂ ಬಲದ ಮಾತಿನಲ್ಲೇ ಸಿಕ್ಕಿಕೊಂಡಿದೆ. ಮೂಲಕ್ಕೆ ಹತ್ತಿರವಾದದ್ದು ‘ಹಿಂಜರಿ’ ಧಾತು. ಅರ್ಥಶಾಸ್ತ್ರದವರು ‘ಆರ್ಥಿಕ ಹಿಂಜರಿತ’ ಎಂದು ಅದೇ ಇಂಗ್ಲಿಷ್ ಬೇರಿನ ಪದವನ್ನು ಕನ್ನಡಿಸಿ ಗೆದ್ದರು. ಜೀವವಿಜ್ಞಾನದಲ್ಲಿ ‘ಹಿಂಜರಿಯುವ ಗುಣ’ ಎಂದರೆ ನಾಚಿಕೆ ಸ್ವಭಾವ ಎಂದು ಓದಿಕೊಳ್ಳುತ್ತಾರೆ ಎಂಬ ಭಯವಿದೆ. ನನ್ನ ಒಲವು ‘ಪ್ರಕಟ’ ಮತ್ತು ‘ಸುಪ್ತ’ ಎಂಬ ಜೋಡಿಯ ಕಡೆಗೆ. ಎ ಮತ್ತು ಬಿ ಎರಡೂ ಒಟ್ಟಿಗೆ ಬಂದಾಗ ಎರಡೂ ಕಾಣಿಸಿಕೊಂಡು ಎಬಿ ಗುಂಪಾಗುತ್ತದಲ್ಲ, ಅದನ್ನು ‘ಸಹಪ್ರಕಟ’ ಎನ್ನಬಹುದು. ‘ಸಹಪ್ರಬಲ’ಕ್ಕಿಂತ ಇದು ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತದೆ.

‘ಸುಪ್ತ’ಕ್ಕೂ ಆಕ್ಷೇಪ ಎತ್ತಬಹುದು ಎಂಬುದು ಗೊತ್ತು, ನಾನೇ ಎತ್ತಿಬಿಡುತ್ತೇನೆ. ವೈದ್ಯರು ‘ಸುಪ್ತ ಕ್ಷಯ’ ಎನ್ನುವಾಗ ಮುಂದೊಂದು ದಿನ ಎಚ್ಚರವಾಗಬಹುದಾದ ಸೋಂಕು ಎಂಬ ಅರ್ಥವಿದೆ. ಇಲ್ಲಿ ಹಾಗಿಲ್ಲ, ಒಂದು ಪ್ರತಿ ಮಾತ್ರ ಇದ್ದವರಲ್ಲಿ ಅದು ಜೀವಮಾನವಿಡೀ ಹಾಗೆಯೇ ಇರುತ್ತದೆ. ಎರಡನೆಯ ತೊಡಕು ‘ಬಾಂಬೆ ರಕ್ತಗುಂಪು’. ಮುಂಬಯಿಯಲ್ಲಿ ಪತ್ತೆಯಾಗಿ 1952ರಲ್ಲಿ ವರದಿಯಾದ ಈ ಗುಂಪಿನವರಲ್ಲಿ ಎ ಅಥವಾ ಬಿ ರೂಪ ಇದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಎ, ಬಿ ಗುರುತುಗಳು ಕೂರಬೇಕಾದ ತಳಹದಿಯ ವಸ್ತುವನ್ನೇ ಅವರ ದೇಹ ತಯಾರಿಸುವುದಿಲ್ಲ, ಅದು ಬೇರೊಂದು ಜೀನಿನ ಕೆಲಸ. ಇಲ್ಲಿ ಮರೆಯಾದದ್ದು ಸುಪ್ತ ರೂಪವಲ್ಲ, ‘ಪ್ರಕಟ’ವೇ ಮರೆಯಾಗಿದೆ! ಇಂಥ ಕಡೆ ಹೆಸರು ಸೋಲುತ್ತದೆ, ವಿವರಿಸಿಯೇ ಬರೆಯಬೇಕು. ಆದರೂ ‘ದುರ್ಬಲ’ ತಪ್ಪು ದಾರಿಗೆ ಎಳೆಯುವಷ್ಟು ‘ಸುಪ್ತ’ ಎಳೆಯುವುದಿಲ್ಲ ಎಂಬುದು ನನ್ನ ವಾದ.

ಇನ್ನು ‘ಮಗನಲ್ಲಿ ಅದು ಪ್ರಬಲವಾಗುತ್ತದೆ’ ಎಂಬುದು ಪದದೋಷವಷ್ಟೇ ಅಲ್ಲ, ವಿಷಯದೋಷವೂ ಹೌದು. ಅಪರಾಧಿ ಪದವೇ. ಪ್ರಬಲ–ದುರ್ಬಲ ಎಂದಾಗ ಅವು ಒಂದು ವಸ್ತುವಿನ ಸ್ವಂತ ಗುಣಗಳಂತೆ ಕೇಳಿಸುತ್ತವೆ. ನಿಜದಲ್ಲಿ ಅದು ಎರಡು ರೂಪಗಳ ನಡುವಿನ ಸಂಬಂಧ. ಎ ಎಂಬುದು ಓ ಎದುರಿಗೆ ಮೇಲುಗೈ, ಬಿ ಎದುರಿಗೆ ಸಮಬಲ. ಮಗನಿಗೆ ಇರುವುದು ಒಂದೇ ಎಕ್ಸ್, ಅದು ತಾಯಿಯಿಂದ ಬಂದದ್ದು. ಎದುರಿಗೆ ಇನ್ನೊಂದು ಪ್ರತಿ ಇಲ್ಲದ ಕಡೆ ಯಾರು ಯಾರ ಮೇಲೆ ಪ್ರಬಲರಾಗುವುದು? ಇದ್ದದ್ದು ಕಾಣಿಸಿಕೊಳ್ಳುತ್ತದೆ, ಅಷ್ಟೇ. ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು 8 ಪ್ರತಿಶತ ಮಂದಿಗೆ ಕೆಂಪು–ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದು, ಹೆಂಗಸರಲ್ಲಿ ಇದು ಅರ್ಧ ಪ್ರತಿಶತದ ಆಸುಪಾಸು. ಈ ಅಂತರಕ್ಕೆ ಕಾರಣ ಎಕ್ಸ್‌ಗಳ ಎಣಿಕೆ.

‘ರೋಗವಾಹಕಿ’ಗೆ ಬರೋಣ. ಪತ್ರಿಕೆಯ ಕನ್ನಡದಲ್ಲಿ ರೋಗವಾಹಕ ಎಂದರೆ ಸೊಳ್ಳೆ, ಉಣ್ಣೆ, ಚಿಗಟ. ಸೋಂಕು ಹರಡುವ ಮನುಷ್ಯರಿಗೂ ಅದೇ ಪದ. ಇದೇ ಪದವನ್ನು ತಾಯಿಗೆ ಅಂಟಿಸಿದರೆ ಕುಟುಂಬದಲ್ಲಿ ಏನಾಗಬಹುದು ಎಂದು ಹೇಳಬೇಕಾಗಿಲ್ಲ. ಆಕೆಗೆ ರೋಗವಿಲ್ಲ, ಆಕೆ ಯಾರಿಗೂ ಅಂಟಿಸುವುದಿಲ್ಲ. ಒಂದು ಜೀನಿನ ಎರಡು ಪ್ರತಿಗಳಲ್ಲಿ ಒಂದು ಬೇರೆ ರೂಪದ್ದು, ಇನ್ನೊಂದು ಎಂದಿನದು. ಬರಿಯ ‘ವಾಹಕಿ’ ಎಂದರೆ ರೋಗ ಬಿಟ್ಟುಹೋಗುತ್ತದೆ, ಆದರೆ ‘ವಾಹಕ’ಕ್ಕೆ ಭೌತವಿಜ್ಞಾನದಲ್ಲಿ ವಿದ್ಯುತ್ತಿನ ನಂಟು ಇದೆ, ಮೇಲಾಗಿ ಇಲ್ಲೇ ‘ವಂಶವಾಹಿ’ಯೂ ಇದೆ. ‘ವಂಶವಾಹಿಯ ವಾಹಕಿ’ ಎಂದು ಬರೆದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ‘ಧಾರಕಿ’ ಎಂದರೆ ಹೇಗೆ? ಅಥವಾ ಹೆಸರನ್ನೇ ಇಡದೆ ‘ಒಂದು ಪ್ರತಿ ಇರುವವರು’ ಎಂದು ಬಿಡಿಸಿ ಬರೆಯುವುದೇ? ಎರಡನೆಯದು ಉದ್ದ, ಆದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ, ವಿಷಯವೂ ಪೂರ್ತಿ ತಿಳಿಯುತ್ತದೆ.

‘ದಾಟಿಸುತ್ತಾಳೆ’ ಎಂಬ ಕ್ರಿಯಾಪದವೂ ನನಗೆ ಹಿಡಿಸಲಿಲ್ಲ. ಅದು ತಾಯಿಯನ್ನು ಕರ್ತೃ ಮಾಡುತ್ತದೆ, ಬೇಕೆಂದೇ ಏನನ್ನೋ ಕೈಗಿಟ್ಟಂತೆ. ಕನ್ನಡಕ್ಕೆ ಇಂಥ ಕಡೆ ಬೇರೆಯೇ ಜಾಡಿದೆ: ಚತುರ್ಥಿ ವಿಭಕ್ತಿ ಮತ್ತು ‘ಬರು’. “ಅವನಿಗೆ ಅಜ್ಜನ ಮೂಗು ಬಂದಿದೆ”, “ಅವಳಿಗೆ ಸೋದರತ್ತೆಯ ಗುಂಗುರು ಕೂದಲು ಬಂದಿದೆ” ಎನ್ನುತ್ತೇವೆಯೇ ಹೊರತು ಅಜ್ಜ ಮೂಗನ್ನು ದಾಟಿಸಿದ ಎಂದು ಯಾರೂ ಹೇಳುವುದಿಲ್ಲ. ವಿಜ್ಞಾನಕ್ಕೂ ಇದೇ ಹೊಂದುತ್ತದೆ. ಎರಡು ಪ್ರತಿಗಳಲ್ಲಿ ಯಾವುದು ಅಂಡಾಣುವಿಗೆ ಸೇರುತ್ತದೆ ಎಂಬುದರ ಮೇಲೆ ತಾಯಿಗೆ ಯಾವ ಹಿಡಿತವೂ ಇಲ್ಲ. ಕೆಲವೊಮ್ಮೆ ಆಕೆಯಲ್ಲಿ ಆ ರೂಪ ಇರುವುದೇ ಇಲ್ಲ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾದಲ್ಲಿ ಸುಮಾರು ಮೂರನೇ ಒಂದು ಪಾಲು ಪ್ರಕರಣಗಳು ಹೊಸದಾಗಿ ಆದ ಬದಲಾವಣೆಯಿಂದ ಬರುತ್ತವೆ, ಕುಟುಂಬದಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ.

ಸದ್ಯಕ್ಕೆ ನಾನು ತಿದ್ದಿರುವುದು ಹೀಗೆ: “ಕೆಂಪು–ಹಸಿರು ಬಣ್ಣಗಳ ನಡುವಿನ ವ್ಯತ್ಯಾಸ ತಿಳಿಯದಿರುವುದಕ್ಕೆ ಕಾರಣವಾಗುವ ಜೀನ್‌ರೂಪ ಎಕ್ಸ್ ಕ್ರೋಮೋಸೋಮಿನಲ್ಲಿದೆ. ತಾಯಿಯ ಎರಡು ಎಕ್ಸ್‌ಗಳಲ್ಲಿ ಒಂದರಲ್ಲಿ ಮಾತ್ರ ಅದು ಇದ್ದರೆ ಆಕೆಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಆ ಎಕ್ಸ್ ಮಗನಿಗೆ ಬಂದರೆ, ಅವನಿಗೆ ಇನ್ನೊಂದು ಎಕ್ಸ್ ಇಲ್ಲದಿರುವುದರಿಂದ, ತೊಂದರೆ ಕಾಣಿಸಿಕೊಳ್ಳುತ್ತದೆ.” ಉದ್ದವಾಯಿತು. ಪಾರಿಭಾಷಿಕ ಪದಗಳು ಕಡಿಮೆಯಾದವು. ಬರೆದವರು ಒಪ್ಪುತ್ತಾರೋ ಇಲ್ಲವೋ, ನೋಡಬೇಕು.

ಗಮನಿಸಿದಿರಬಹುದು, ‘ವಂಶವಾಹಿ’ ಮಾಯವಾಗಿ ‘ಜೀನ್‌ರೂಪ’ ಬಂದಿದೆ. ಇದಕ್ಕೆ ಎರಡು ಕಾರಣ.

ಒಂದನೆಯದು, ‘ವಂಶವಾಹಿ’ ಚೆಂದದ ಪದವಾದರೂ ಅದರ ಹೆಗಲ ಮೇಲೆ ಭಾರ ಹೆಚ್ಚು. ‘ವಂಶ’ ಎಂದೊಡನೆ ಕನ್ನಡದ ಕಿವಿಗೆ ತಂದೆ, ಅವನ ತಂದೆ ಎಂಬ ಗಂಡು ಸಾಲು ಕೇಳಿಸುತ್ತದೆ. ಕೋಶಕೇಂದ್ರದ 23 ಜೋಡಿ ಕ್ರೋಮೋಸೋಮುಗಳಲ್ಲಿ ಜೋಡಿಗೊಂದರಂತೆ ತಾಯಿಯದು, ಒಂದರಂತೆ ತಂದೆಯದು. ಕೋಶಕೇಂದ್ರದ ಹೊರಗೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿರುವ 37 ಜೀನುಗಳಂತೂ ತಾಯಿಯಿಂದಲೇ ಬರುತ್ತವೆ. ಅಚ್ಚಿನಲ್ಲಿ ‘ವಂಶವಾಹಿನಿ’ ಎಂಬುದೂ ನುಸುಳಿದೆ. ವಾಹಿನಿ ಎಂದರೆ ನದಿ, ಸೇನೆ, ಈಗ ಟಿವಿ ಚಾನೆಲ್. ದಯವಿಟ್ಟು ಅದನ್ನಾದರೂ ಬಿಡೋಣ. ಇನ್ನೂ ದೊಡ್ಡ ತೊಡಕೆಂದರೆ ‘ವಂಶವಾಹಿ’ಯನ್ನು ಒಬ್ಬರು ಜೀನಿಗೆ, ಇನ್ನೊಬ್ಬರು ಡಿಎನ್‌ಎಗೆ, ಮತ್ತೊಬ್ಬರು ಇಡೀ ಆನುವಂಶಿಕ ಸಾಮಗ್ರಿಗೆ ಬಳಸುತ್ತಾರೆ. ಡಿಎನ್‌ಎ ಎಂಬುದು ವಸ್ತು. ಅದರ ಒಂದು ಉದ್ದನೆಯ ಅಣುವನ್ನು ಪ್ರೋಟೀನುಗಳ ಸುತ್ತ ಸುತ್ತಿ ಮಡಿಸಿಟ್ಟದ್ದು ಕ್ರೋಮೋಸೋಮ್. ಆ ಉದ್ದದಲ್ಲಿ, ಬಹುಮಟ್ಟಿಗೆ ಒಂದು ಪ್ರೋಟೀನಿಗೆ ಬೇಕಾದ ಪಾಠವಿರುವ ಭಾಗ ಜೀನ್. ಮನುಷ್ಯರಲ್ಲಿ ಪ್ರೋಟೀನಿನ ಪಾಠವಿರುವ ಜೀನುಗಳು ಸುಮಾರು 20,000. ಒಂದು ಸೆಟ್ ಕ್ರೋಮೋಸೋಮುಗಳಲ್ಲಿರುವ ಅಕ್ಷರಗಳು (ಎ, ಟಿ, ಜಿ, ಸಿ ಎಂದು ಗುರುತಿಸುವ, ಡಿಎನ್‌ಎಯ ನಾಲ್ಕು ಬಗೆಯ ಘಟಕಗಳು) ಸುಮಾರು 300 ಕೋಟಿ. ಮೂರಕ್ಕೂ ಒಂದೇ ಹೆಸರಿಟ್ಟರೆ ಮುಂದಿನ ಒಂದು ವಾಕ್ಯವನ್ನೂ ನೆಟ್ಟಗೆ ಬರೆಯಲಾಗದು.

ಡೆನ್ಮಾರ್ಕಿನ ಯೊಹಾನ್ಸೆನ್ 1909ರಲ್ಲಿ ‘ಜೀನ್’ ಎಂಬ ಪದವನ್ನು ಚಲಾವಣೆಗೆ ತಂದಾಗ ಅದು ಯಾವ ಸಿದ್ಧಾಂತಕ್ಕೂ ಅಂಟಿಕೊಳ್ಳದ ಚಿಕ್ಕ ಪದವಾಗಿರಲಿ ಎಂದೇ ಬಯಸಿದ್ದ. ಆಗ ಅದು ಯಾವ ವಸ್ತುವಿನಿಂದ ಆಗಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಏನನ್ನೂ ಹೇಳದಿರುವುದೇ ಆ ಪದದ ಸೊಗಸು. ಕನ್ನಡದಲ್ಲಿ ‘ಜೀನು’ ಎಂದು ಉಕಾರ ಹಚ್ಚಿ ವಿಭಕ್ತಿ ಸೇರಿಸಿದರೆ ಜೀನನ್ನು, ಜೀನಿನ, ಜೀನಿನಲ್ಲಿ ಎಂದು ಸಲೀಸಾಗಿ ಓಡುತ್ತದೆ. (ಕುದುರೆಯ ಬೆನ್ನಿನ ಜೀನು ನೆನಪಾದರೆ ಆಗಲಿ, ಎರಡೂ ಒಂದೇ ವಾಕ್ಯದಲ್ಲಿ ಬರುವ ಸಂಭವ ಕಡಿಮೆ.)

ಎರಡನೆಯ ಕಾರಣ ಹೆಚ್ಚು ಮುಖ್ಯ. “ಕುಡಗೋಲು ಕಣ ರೋಗದ ಜೀನ್ ಇವರಲ್ಲಿದೆ” ಎಂದು ಬರೆಯುತ್ತೇವೆ, ಉಳಿದವರಲ್ಲಿ ಆ ಜೀನ್ ಇಲ್ಲವೇ ಇಲ್ಲ ಎನ್ನುವ ಹಾಗೆ. ಹಿಮೋಗ್ಲೋಬಿನ್ನಿನ ಒಂದು ಭಾಗವಾದ ಬೀಟಾ ಗ್ಲೋಬಿನ್ ತಯಾರಿಸುವ ಜೀನ್ ಎಲ್ಲರಲ್ಲೂ 11ನೆಯ ಕ್ರೋಮೋಸೋಮಿನ ಅದೇ ಜಾಗದಲ್ಲಿ ಇದೆ. ಕೆಲವರಲ್ಲಿ ಅದರ ಒಂದು ಅಕ್ಷರ ಬೇರೆ. ಎ ಇರಬೇಕಾದ ಕಡೆ ಟಿ ಇದೆ. ಇದರಿಂದ ಪ್ರೋಟೀನಿನ ಆರನೆಯ ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ಬದಲು ವ್ಯಾಲಿನ್ ಎಂಬ ಇನ್ನೊಂದು ಬಂದು ಕೂರುತ್ತದೆ. ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ. ಹೀಗೆ ಒಂದೇ ಜೀನಿನ ಬೇರೆ ಬೇರೆ ರೂಪಗಳಿಗೆ ಇಂಗ್ಲಿಷಿನಲ್ಲಿ ‘ಅಲೀಲ್’ ಎಂಬ ಹೆಸರಿದೆ, ಕನ್ನಡದಲ್ಲಿ ಜನರ ನಾಲಿಗೆಯ ಮೇಲೆ ನಿಂತ ಪದವಿಲ್ಲ. ಆದರೆ ಗ್ರಂಥಸಂಪಾದನೆ ಮಾಡಿದವರಿಗೆ ಒಂದು ಪದ ಗೊತ್ತು: ಪಾಠಾಂತರ. ಅದೇ ಕಾವ್ಯ, ಅದೇ ಪದ್ಯ, ಅದೇ ಸಾಲು. ಒಂದು ಓಲೆಪ್ರತಿಯಲ್ಲಿ ಒಂದಕ್ಷರ, ಇನ್ನೊಂದರಲ್ಲಿ ಮತ್ತೊಂದು. ಕೆಲವು ಪಾಠಾಂತರಗಳಿಂದ ಅರ್ಥ ಕೆಡುವುದಿಲ್ಲ, ಕೆಲವು ಪದ್ಯವನ್ನೇ ತಲೆಕೆಳಗು ಮಾಡುತ್ತವೆ. ಜೀನಿನ ವಿಷಯದಲ್ಲೂ ಇದು ಅಕ್ಷರಶಃ ನಿಜ. ‘ಜೀನ್‌ಪಾಠಾಂತರ’ ಎಂದು ಬರೆದರೆ ನಕ್ಕುಬಿಡುತ್ತೀರೇನೋ ಎಂದು ಹೆದರಿ ‘ಜೀನ್‌ರೂಪ’ ಎಂದು ಇಟ್ಟಿದ್ದೇನೆ. ಧೈರ್ಯ ಕೊಟ್ಟರೆ ಬದಲಾಯಿಸುತ್ತೇನೆ.

ಜೀನಿಗೆ ‘ಗುಣಾಣು’ ಎಂಬ ಪದವನ್ನು ಹಳೆಯ ಬರಹಗಳ ಅಭಿಮಾನಿಗಳು ನೆನಪಿಸಬಹುದು. ಕೇಳಲು ಹಿತ, ಆದರೆ ಒಂದು ಅಣುವಿಗೆ ಒಂದು ಗುಣ ಎಂಬ ನಂಬಿಕೆಯನ್ನು ಹೆಸರಿನಲ್ಲೇ ಕಟ್ಟಿಕೊಟ್ಟಂತಾಗುತ್ತದೆ. ಎತ್ತರವನ್ನು ತೆಗೆದುಕೊಳ್ಳಿ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 54 ಲಕ್ಷ ಜನರ ಮಾಹಿತಿಯನ್ನು ಜಾಲಾಡಿ, ಎತ್ತರದ ಮೇಲೆ ಕಿಂಚಿತ್ ಪ್ರಭಾವ ಬೀರುವ ಸುಮಾರು 12,000 ಅಕ್ಷರವ್ಯತ್ಯಾಸಗಳನ್ನು ಗುರುತಿಸಿತು. ಜೊತೆಗೆ ಬಾಲ್ಯದ ಪೌಷ್ಟಿಕತೆ, ಕಾಯಿಲೆಗಳ ಪಾಲೂ ಇದೆ. ‘ಎತ್ತರದ ಜೀನ್’ ಎಂಬ ಏಕವಚನವೇ ಅಸಂಬದ್ಧ. ಮಕ್ಕಳಿಗೆ ಕಂದು ಕಣ್ಣೋ ನೀಲಿ ಕಣ್ಣೋ ಎಂದು ಲೆಕ್ಕ ಹಾಕಲು ಶಾಲೆಯಲ್ಲಿ ಬರೆಸುವ ಚೌಕವೂ ಅರೆಸತ್ಯ. 15ನೆಯ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕದ ಎರಡು ಜೀನುಗಳ ಪಾತ್ರ ದೊಡ್ಡದಾದರೂ ಕೈ ಹಾಕುವವು ಇನ್ನೂ ಹಲವಿವೆ, ನೀಲಿ ಕಣ್ಣಿನ ದಂಪತಿಗೆ ಕಂದು ಕಣ್ಣಿನ ಮಗು ಹುಟ್ಟುವುದೂ ಉಂಟು.

ಅದಕ್ಕೇ ‘ಗುಣ’ ಎಂಬ ಪದವನ್ನು ಇಲ್ಲಿಂದ ಸಾಧ್ಯವಾದಷ್ಟು ದೂರವಿಡಬೇಕು ಎನಿಸುತ್ತದೆ. ನಮ್ಮಲ್ಲಿ ಗುಣ ಎಂದರೆ ಒಳ್ಳೆಯತನ, ಗುಣ ಎಂದರೆ ಸ್ವಭಾವ, ಕಾಯಿಲೆ ವಾಸಿಯಾದರೂ ಗುಣವಾಯಿತು. ‘ಗುಣವಾಗದ ಆನುವಂಶಿಕ ಗುಣ’ ಎಂದು ಹಸ್ತಪ್ರತಿಯ ಒಂದು ಪುಟದಲ್ಲಿ ನಿಜವಾಗಿಯೂ ಇದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಬೆನ್ನ ಹಿಂದೆ ನಿಂತಿರುವಾಗ, ಮೂಗಿನ ಆಕಾರಕ್ಕೂ ಕೋಪಕ್ಕೂ ಒಂದೇ ಪದ ಬಳಸಿದರೆ ಕೋಪವೂ ಮೂಗಿನಷ್ಟೇ ಹುಟ್ಟಿನಿಂದ ಬಂದದ್ದು ಎಂದಾಗಿಬಿಡುತ್ತದೆ. ‘ಲಕ್ಷಣ’ ಮೇಲು. ರೋಗಲಕ್ಷಣದ ಛಾಯೆ ಇದೆ, ‘ಲಕ್ಷಣವಾಗಿದ್ದಾಳೆ’ ಎಂಬ ಮೆಚ್ಚುಗೆಯೂ ಇದೆ, ಎರಡೂ ಸಂದರ್ಭದಿಂದ ತಾವೇ ದೂರ ಸರಿಯುತ್ತವೆ.

ಇನ್ನೆರಡು ಚಿಕ್ಕ ವಿಷಯ. ‘ಜನ್ಮಜಾತ’ ಮತ್ತು ‘ಆನುವಂಶಿಕ’ ಒಂದೇ ಅಲ್ಲ. ಗರ್ಭಿಣಿಗೆ ರುಬೆಲ್ಲಾ ತಗುಲಿ ಮಗು ಕಿವುಡಾಗಿ ಹುಟ್ಟಿದರೆ ಅದು ಜನ್ಮಜಾತ, ಆನುವಂಶಿಕವಲ್ಲ. ಹಂಟಿಂಗ್ಟನ್ ಕಾಯಿಲೆ ಆನುವಂಶಿಕ, ಹುಟ್ಟುವಾಗ ಅದರ ಸುಳಿವೂ ಇರುವುದಿಲ್ಲ. ಡೌನ್ ಸಿಂಡ್ರೋಮ್ ನಡುವಿನದು: 21ನೆಯ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದೇ ಕಾರಣ ಎಂದು 1959ರಲ್ಲಿ ತಿಳಿಯಿತು, ಆದರೆ ಬಹುಪಾಲು ಪ್ರಕರಣಗಳಲ್ಲಿ ಅದು ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಆದ ಹಂಚಿಕೆಯ ತಪ್ಪು, ತಂದೆತಾಯಿಯ ಕ್ರೋಮೋಸೋಮುಗಳು ಸರಿಯಾಗಿಯೇ ಇರುತ್ತವೆ. ‘ವಂಶಪಾರಂಪರ್ಯ’ ಎಂದು ಅದನ್ನು ಕರೆಯುವುದು ತಪ್ಪು.

ಎರಡನೆಯದು ಸಾಧ್ಯತೆಯ ಮಾತು. ಗಂಡ, ಹೆಂಡತಿ ಇಬ್ಬರಲ್ಲೂ ಸುಪ್ತ ರೂಪದ ಒಂದೊಂದು ಪ್ರತಿ ಇದೆ ಎನ್ನಿ. “ಇಂಥ ದಂಪತಿಯ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ರೋಗ ಬರುತ್ತದೆ” ಎಂದು ಬರೆದರೆ, ಈಗಾಗಲೇ ರೋಗವಿರುವ ಮಗುವನ್ನು ಹೆತ್ತವರು ಮುಂದಿನ ಮೂವರಿಗೆ ಭಯವಿಲ್ಲ ಎಂದು ಓದಿಕೊಳ್ಳುತ್ತಾರೆ. “ಪ್ರತಿ ಬಾರಿ ಗರ್ಭ ನಿಂತಾಗಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ” ಎಂದೇ ಬರೆಯಬೇಕು. ಇದು ಶೈಲಿಯ ಪ್ರಶ್ನೆಯೇ ಅಲ್ಲ.

ಕಾಗುಣಿತ ಕೇಳುವವರಿಗೆ: ‘ಇಕ’ ಪ್ರತ್ಯಯ ಬಂದಾಗ ಮೊದಲ ಸ್ವರ ದೀರ್ಘವಾಗುತ್ತದೆ, ಅನುಷಂಗ–ಆನುಷಂಗಿಕ, ಸಮಾಜ–ಸಾಮಾಜಿಕ ಇದ್ದಂತೆ, ಆದ್ದರಿಂದ ‘ಆನುವಂಶಿಕ’. ‘ಈಯ’ ಬಂದಾಗ ಹಾಗಾಗುವುದಿಲ್ಲ, ಸ್ಥಳ–ಸ್ಥಳೀಯ ಇದ್ದಂತೆ ‘ಅನುವಂಶೀಯ’. ‘ಅನುವಂಶಿಕ’, ‘ಆನುವಂಶೀಯ’ ಎಂಬ ಬೆರಕೆಗಳನ್ನು ನಾನು ತಿದ್ದುತ್ತೇನೆ, ಬಿಟ್ಟವರ ಮೇಲೆ ಸಿಟ್ಟಿಲ್ಲ.

ಕೊನೆಗೆ, ನನಗೆ ಉತ್ತರವೇ ಹೊಳೆಯದ ಪ್ರಶ್ನೆ. 17ನೆಯ ಕ್ರೋಮೋಸೋಮಿನಲ್ಲಿರುವ ಬಿಆರ್‌ಸಿಎ1 ಎಂಬ ಜೀನಿನ ಕೆಲವು ರೂಪಗಳಿದ್ದರೆ ಸ್ತನ ಕ್ಯಾನ್ಸರಿನ ಸಾಧ್ಯತೆ ಬಹಳ ಹೆಚ್ಚು. ಆದರೆ ಅದಿರುವ ಎಲ್ಲ ಹೆಂಗಸರಿಗೂ ಕ್ಯಾನ್ಸರ್ ಬರುವುದಿಲ್ಲ. ಒಂದು ಜೀನ್‌ರೂಪ ಇರುವವರಲ್ಲಿ ಎಷ್ಟು ಮಂದಿಯಲ್ಲಿ ಅದರ ಪರಿಣಾಮ ನಿಜವಾಗಿ ಕಾಣಿಸಿಕೊಳ್ಳುತ್ತದೆ ಎಂಬ ಪ್ರಮಾಣಕ್ಕೆ ಇಂಗ್ಲಿಷಿನಲ್ಲಿ ‘ಪೆನಿಟ್ರೆನ್ಸ್’ ಎನ್ನುತ್ತಾರೆ. ‘ಒಳಹೊಗುವಿಕೆ’ ಎಂದು ಹಸ್ತಪ್ರತಿಯಲ್ಲಿದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಪ್ರಕಟಪ್ರಮಾಣ’, ‘ಫಲಿಸುವ ಪ್ರಮಾಣ’ ಎಂದೆಲ್ಲ ಬರೆದು ಹೊಡೆದುಹಾಕಿದ್ದೇನೆ. ಕ್ಯಾನ್ಸರ್ ‘ಫಲಿಸಿತು’ ಎಂದು ಬರೆಯಲು ಕೈ ಬರಲಿಲ್ಲ. ಬಳಗದಲ್ಲಿ ಆಸ್ಪತ್ರೆಯ ಆಪ್ತಸಮಾಲೋಚಕರು, ದಾದಿಯರು, ವೈದ್ಯರು ಇದ್ದರೆ ಹೇಳಿ: ಎದುರಿಗೆ ಕುಳಿತವರಿಗೆ ಇದನ್ನು ಕನ್ನಡದಲ್ಲಿ ವಿವರಿಸುವಾಗ ನಿಮ್ಮ ಬಾಯಿಗೆ ಬರುವ ಮಾತು ಯಾವುದು? ಪದವಾಗದಿದ್ದರೂ ಆಗಬಹುದು, ಆಡಿದ ವಾಕ್ಯವನ್ನೇ ಬರೆದು ಕಳುಹಿಸಿ.